ರಸಾಪಗ್ಲಾದಲ್ಲಿ ಮೈಸೂರು: ಲೇಕ್ ಗಾರ್ಡನ್ಸ್ ಸೀಮೆಯ ಒಂದು ಮೊಹಲ್ಲಾದ ಚರಿತ್ರೆ

ಕೋಲ್ಕತ್ತಾದ ದಕ್ಷಿಣದಲ್ಲಿ ರವೀಂದ್ರ ಸರೋವರ ಎಂಬ ದೊಡ್ಡ ಕೆರೆಯಿದೆ. ಕೆರೆಯ ತೆಂಕಣ ದಂಡೆಯ ಮಗ್ಗುಲಲ್ಲೇ ಬಜ್‌ಬಜ್ ಕಡೆಗೆ ಹೋಗುವ ರೈಲುಹಳಿ. ಹಳಿ ದಾಟಿದರೆ ಲೇಕ್ ಗಾರ್ಡನ್ಸ್ ಬಡಾವಣೆ. ಬಡಾವಣೆಯ ಇನ್ನೊಂದು ಅಂಚಿನಲ್ಲಿ ಪೂರ್ವ ಪಶ್ಚಿಮವಾಗಿ ಹಾದುಹೋಗುವ ಪ್ರಿನ್ಸ್ ಅನ್ವರ್ ಶಾ ರಸ್ತೆ. ಅನ್ವರ್ ಶಾ ಟಿಪ್ಪು ಸುಲ್ತಾನರ ಮನೆತನದವರು. ಈ ರಸ್ತೆಯಲ್ಲಿ ಪಡುವಣಕ್ಕೆ ಸಾಗಿ, ದೇಶಪ್ರಾಣ ಶಾಸ್‌ಮಲ್ ರಸ್ತೆ ಕೂಡುವ ಟಾಲಿಗಂಜ್ ಚೌಕಕ್ಕೆ ಬಂದರೆ ಮೂಲೆಯಲ್ಲಿ ಸಾಲುಗುಮ್ಮಟಗಳ ಹಳೆಯ ಮಸೀದಿಯೊಂದು ಕಾಣುತ್ತದೆ. 1843ರ ಈ ಮಸೀದಿಯನ್ನು ಕಟ್ಟಿಸಿದವರು ಟಿಪ್ಪುವಿನ ಮಗ ಗುಲಾಮ್ ಮೊಹಮ್ಮದ್. ಶ್ರೀರಂಗಪಟ್ಟಣ ಬಿದ್ದಾಗ ಅವರಿಗೆ ನಾಲ್ಕು ವರ್ಷ. ಇಂದು ಟಾಲಿಗಂಜ್, ಗಾಲ್ಫ್ ಗಾರ್ಡನ್ಸ್, ಲೇಕ್ ಗಾರ್ಡನ್ಸ್ ಎಂದು ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿರುವ ಈ ಸೀಮೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಸಾಪಗ್ಲಾ ಎಂಬ ಹಳ್ಳಿಗಾಡು. ಮೈಸೂರಿನ ಒಂದು ರಾಜಮನೆತನ ತನ್ನ ಸೆರೆವಾಸದ ಕಾಲವನ್ನು ಕಳೆದು, ಇಲ್ಲಿಯೇ ನೆಲೆ ನಿಂತು, ಇಲ್ಲಿಯ ಮಣ್ಣಿಗೆ ಸೇರಿತು. ಈ ಊರಿನ ಚರಿತ್ರೆ ಕರ್ನಾಟಕದ ಚರಿತ್ರೆಯದೇ ಒಂದು ಅಧ್ಯಾಯ. ಶ್ರೀರಂಗಪಟ್ಟಣದ ಕಥೆಯನ್ನು 1799ಕ್ಕೆ ನಿಲ್ಲಿಸುವ ರೂಢಿಯಿಂದಾಗಿ ಆ ಅಧ್ಯಾಯ ನಮ್ಮ ಪುಸ್ತಕಗಳಿಂದ ಹೊರಗೇ ಉಳಿದಿದೆ.

ಮೊದಲು ನೆಲದ ವಿಚಾರ. ಕೋಲ್ಕತ್ತಾದಲ್ಲಿ ನದಿಯ ದಂಡೆಯೇ ಎತ್ತರ. ಹೂಗ್ಲಿ ಪ್ರವಾಹದಲ್ಲಿ ತಂದುಹಾಕುವ ಮೆಕ್ಕಲು ದಂಡೆಯ ಮೇಲೆ ಹೆಚ್ಚು ಕೂರುವುದರಿಂದ, ಅಲ್ಲಿಂದ ಪೂರ್ವಕ್ಕೆ ಹೋದಂತೆ ನೆಲ ಇಳಿಯುತ್ತ ಉಪ್ಪುನೀರಿನ ಜೌಗುಗಳಲ್ಲಿ ಕೊನೆಯಾಗುತ್ತಿತ್ತು. ದಕ್ಷಿಣದ ಹಳ್ಳಿಗಳು ಈ ಇಳಿಜಾರಿನ ಮೇಲಿದ್ದವು. ಮಳೆಗಾಲದಲ್ಲಿ ಗದ್ದೆ ಯಾವುದು, ಕೊಳ ಯಾವುದು, ದಾರಿ ಯಾವುದು ಎಂದು ತಿಳಿಯದಷ್ಟು ನೀರು. ಇಂಥ ನೆಲದಲ್ಲಿ ಮನೆ ಕಟ್ಟುವವರು ಮೊದಲು ಪಕ್ಕದಲ್ಲಿ ಒಂದು ಗುಂಡಿ ತೋಡುತ್ತಿದ್ದರು. ತೋಡಿದ ಮಣ್ಣನ್ನು ಒಟ್ಟಿ, ತುಳಿದು ಗಟ್ಟಿಮಾಡಿ ಮನೆಯ ಅಡಿಪಾಯ ಎತ್ತರಿಸಿದರೆ, ತೋಡಿದ ಗುಂಡಿ ಮಳೆನೀರು ತುಂಬಿ ಕೊಳವಾಗುತ್ತಿತ್ತು. ಬಂಗಾಳಿಗಳು ಪುಕುರ್ ಎನ್ನುವ ಈ ಕೊಳದಲ್ಲಿ ಸ್ನಾನ, ಪಾತ್ರೆ ತೊಳೆಯುವುದು, ಮೀನು ಸಾಕುವುದು ಎಲ್ಲ ನಡೆಯುತ್ತಿತ್ತು. ಏರಿಯ ಮೇಲೆ ತೆಂಗು, ಬಾಳೆ, ಬಿದಿರು. ಬಡವರ ಗುಡಿಸಲಿನಿಂದ ಶ್ರೀಮಂತರ ತೋಟದ ಬಂಗಲೆಯವರೆಗೆ ಕ್ರಮ ಇದೇ. ಕೊಳದ ಗಾತ್ರದಲ್ಲಷ್ಟೇ ವ್ಯತ್ಯಾಸ. ದಕ್ಷಿಣ ಕೋಲ್ಕತ್ತಾದಲ್ಲಿ ಇಂದಿಗೂ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಕಾಣುವ ಚೌಕದ ಕೊಳಗಳಲ್ಲಿ ಅನೇಕವು ಹೀಗೆ ಹುಟ್ಟಿದವು.

ಸೀಮೆಯ ಪಶ್ಚಿಮದ ಗಡಿ ಆದಿಗಂಗಾ. ಗಂಗೆಯ ಹಳೆಯ ಪಾತ್ರವೆಂದು ಪೂಜೆಗೊಳ್ಳುವ ಈ ಹರಿವು ಹದಿನೆಂಟನೆಯ ಶತಮಾನದ ಹೊತ್ತಿಗೆ ಹೂಳು ತುಂಬಿ ಹಳ್ಳದಂತಾಗಿತ್ತು. ಕಾಳೀಘಾಟದ ದೇವಸ್ಥಾನ ಇದರ ದಂಡೆಯ ಮೇಲೇ ಇರುವುದರಿಂದ ಯಾತ್ರಿಕರ ಓಡಾಟ ಮಾತ್ರ ನಿಂತಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಟಾಲಿ ತನ್ನ ಖರ್ಚಿನಲ್ಲಿ ಹೂಳೆತ್ತಿಸಿ, ಪೂರ್ವದ ವಿದ್ಯಾಧರಿ ನದಿಗೆ ಜೋಡಿಸಿ, ದೋಣಿಗಳಿಂದ ಸುಂಕ ಎತ್ತುವ ಹಕ್ಕನ್ನು ಕಂಪನಿಯಿಂದ ಪಡೆದ. 1777ರಲ್ಲಿ ಕಾಲುವೆ ಸಂಚಾರಕ್ಕೆ ತೆರೆಯಿತು. ಸುಂದರಬನದ ಕಡೆಯಿಂದ ಸೌದೆ, ಬತ್ತ, ಮೀನು ಹೊತ್ತ ದೋಣಿಗಳು ನಗರಕ್ಕೆ ಹತ್ತಿರದ ದಾರಿ ಹಿಡಿದವು. ದಂಡೆಯಲ್ಲಿ ಟಾಲಿ ಹಾಕಿಸಿದ ಸಂತೆ ಟಾಲಿಗಂಜ್ ಆಯಿತು, ಕಾಲುವೆ ಟಾಲಿ ನಾಲಾ ಆಯಿತು. ಇದೇ ಕಾಲಕ್ಕೆ ಕಂಪನಿಯ ಅಧಿಕಾರಿಗಳು ನಗರದ ಗದ್ದಲದಿಂದ ದೂರವಾಗಿ ಇಲ್ಲಿ ತೋಟದ ಮನೆಗಳನ್ನು ಕಟ್ಟಿಸತೊಡಗಿದರು. 1780ರ ದಶಕದಲ್ಲಿ ಜಾನ್ಸನ್ ಎಂಬ ಇಂಗ್ಲಿಷ್ ಕುಟುಂಬ ನೀಲಿ ಬೆಳೆಯ ತೋಟ ಮಾಡಿ ಕಟ್ಟಿಸಿದ ದೊಡ್ಡ ಬಂಗಲೆ ಅವುಗಳಲ್ಲೊಂದು. ಆ ಬಂಗಲೆ ಮುಂದೆ ಮೈಸೂರಿನವರ ಕಥೆಯಲ್ಲಿಯೂ ಬರುತ್ತದೆ.

ಮೈಸೂರಿನಿಂದ ಇಲ್ಲಿಗೆ ದಾರಿ ನೇರವಾಗಿರಲಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ತಮ್ಮ ಇಬ್ಬರು ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಮಕ್ಕಳು 1794ರಲ್ಲಿ ಮರಳಿದರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಮೈಸೂರಿನ ಸಿಂಹಾಸನ ಒಡೆಯರ ಮನೆತನಕ್ಕೆ ಹೋಯಿತು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು. ಟಿಪ್ಪು ಮತ್ತು ಅವರ ತಂದೆ ಹೈದರ್ ಇಬ್ಬರ ಕುಟುಂಬದವರನ್ನೂ ಕಂಪನಿ ವೇಲೂರು ಕೋಟೆಗೆ ಸಾಗಿಸಿತು. ಅವರ ಜೀವನಕ್ಕೆ ಮೈಸೂರು ರಾಜ್ಯದ ಹಂಚಿಕೆಯಲ್ಲಿ ತನ್ನ ಪಾಲಿಗೆ ಬಂದ ಉತ್ಪನ್ನದಿಂದಲೇ ಕಂಪನಿ ಹಣ ಎತ್ತಿಟ್ಟಿತು. ಅಂದರೆ ಮುಂದೆ ಎಪ್ಪತ್ತು ವರ್ಷ ಬಂಗಾಳದ ಈ ಹಳ್ಳಿಯಲ್ಲಿ ನಡೆದ ಸಂಸಾರಗಳ ಖರ್ಚಿನ ಬೇರು ಕಾವೇರಿ ಸೀಮೆಯ ಕಂದಾಯದಲ್ಲಿತ್ತು.

ವೇಲೂರಿನಲ್ಲಿ 1806ರ ಜುಲೈ 10ರಂದು ಸಿಪಾಯಿಗಳು ದಂಗೆ ಎದ್ದರು. ಹೊಸ ಬಗೆಯ ಪೇಟ, ಹಣೆಯ ಮೇಲಿನ ನಾಮ ವಿಭೂತಿಗಳಿಗೆ ನಿಷೇಧ, ಗಡ್ಡ ತೆಗೆಯಬೇಕೆಂಬ ಆಜ್ಞೆ ಇವು ಅವರನ್ನು ಕೆರಳಿಸಿದ್ದವು. ನೂರಕ್ಕೂ ಹೆಚ್ಚು ಯುರೋಪಿಯನ್ ಸೈನಿಕರು ಸತ್ತರು. ಕೋಟೆಯ ಮೇಲೆ ಮೈಸೂರಿನ ಬಾವುಟ ಏರಿತು, ಟಿಪ್ಪುವಿನ ಹಿರಿಯ ಮಗ ಫತೇ ಹೈದರ್ ಹೆಸರಿನಲ್ಲಿ ಘೋಷಣೆಯಾಯಿತು. ಆರ್ಕಾಟಿನಿಂದ ಬ್ರಿಟಿಷ್ ಅಧಿಕಾರಿ ಗಿಲೆಸ್ಪಿಯ ಕುದುರೆಪಡೆ ಬಂದು ಅದೇ ದಿನ ದಂಗೆಯನ್ನು ಅಡಗಿಸಿತು. ಸಿಪಾಯಿಗಳು ನೂರುಗಟ್ಟಲೆ ಹತರಾದರು. ರಾಜಕುಮಾರರ ಕೈವಾಡ ಎಷ್ಟಿತ್ತೆಂಬುದರ ಬಗ್ಗೆ ಆಗಲೇ ಅಧಿಕಾರಿಗಳಲ್ಲಿ ಭಿನ್ನಾಭಿಪ್ರಾಯ ಇತ್ತು. ಆದರೆ ಒಂದು ವಿಷಯದಲ್ಲಿ ಕಂಪನಿಗೆ ಅನುಮಾನ ಉಳಿಯಲಿಲ್ಲ: ಮೈಸೂರಿಗೆ ಇಷ್ಟು ಹತ್ತಿರದಲ್ಲಿ, ಮೈಸೂರಿನ ಸೈನ್ಯದಿಂದ ಬಂದವರೂ ಇದ್ದ ಒಂದು ಕೋಟೆಯಲ್ಲಿ, ಇವರನ್ನು ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ರಾಜಕುಮಾರರನ್ನು ಸಮುದ್ರಮಾರ್ಗವಾಗಿ ಕಲ್ಕತ್ತೆಗೆ ಕಳಿಸಲಾಯಿತು. ಹೈದರ್ ಅವರ ಪತ್ನಿ ಬಕ್ಷಿ ಬೇಗಂ ಆ ವರ್ಷವೇ ವೇಲೂರಿನಲ್ಲಿ ತೀರಿಕೊಂಡಿದ್ದರು. ಮನೆತನದ ಇನ್ನೂ ಕೆಲವು ಹೆಂಗಸರ ಗೋರಿಗಳು ಅಲ್ಲಿವೆ. ಒಂದೇ ಕುಟುಂಬದ ಸಮಾಧಿಗಳು ಶ್ರೀರಂಗಪಟ್ಟಣ, ವೇಲೂರು, ಕೋಲ್ಕತ್ತಾ ಎಂದು ಮೂರು ಕಡೆ ಹರಿದುಹಂಚಿ ಹೋದದ್ದು ಹೀಗೆ.

ಕಂಪನಿ ರಸಾಪಗ್ಲಾವನ್ನೇ ಆರಿಸಿದ್ದರಲ್ಲಿ ಲೆಕ್ಕಾಚಾರವಿತ್ತು. ಊರು ರಾಜಧಾನಿಯ ಹೊರಗಿತ್ತು, ಆದರೆ ಫೋರ್ಟ್ ವಿಲಿಯಮ್‌ನಿಂದ ಕುದುರೆಯ ಮೇಲೆ ಬೇಗ ತಲುಪಬಹುದಾದಷ್ಟು ಹತ್ತಿರವೂ ಇತ್ತು. ಒಂದು ಕಡೆ ನಾಲೆ, ಇನ್ನೊಂದು ಕಡೆ ಜೌಗು. ನಗರಕ್ಕೆ ಹೋಗಲು ರಸಾ ರಸ್ತೆ ಒಂದೇ. ಭಾಷೆ ಬೇರೆ, ಹವೆ ಬೇರೆ. ಮೈಸೂರಿನ ಕಡೆಯ ಸಿಪಾಯಿ ಇಲ್ಲಿ ಸಿಗುವ ಹಾಗಿಲ್ಲ. ದಖನಿಯನ್ನೂ ಪರ್ಷಿಯನ್ನನ್ನೂ ಬಲ್ಲ ಮನೆತನ ಬಂಗಾಳಿ ಹಳ್ಳಿಯ ನಡುವೆ ತನ್ನದೇ ಒಂದು ಮೊಹಲ್ಲಾ ಮಾಡಿಕೊಂಡಿತು. ಮೊದಲ ವರ್ಷಗಳಲ್ಲಿ ಕಾವಲು ಬಿಗಿಯಾಗಿತ್ತು; ಕಾಲ ಕಳೆದಂತೆ ಸಡಿಲವಾಯಿತು. ರಾಜಕುಮಾರರಿಗೆ ಬೇರೆ ಬೇರೆ ಮನೆಗಳು, ಪ್ರತಿಯೊಬ್ಬರಿಗೂ ಬೇರೆ ವರ್ಷಾಶನ, ಅವರನ್ನು ನೋಡಿಕೊಳ್ಳಲು ಸರ್ಕಾರದಿಂದ ನೇಮಕಗೊಂಡ ಒಬ್ಬ ಅಧಿಕಾರಿ. ಜಾನ್ಸನ್ ಕುಟುಂಬ ಕಟ್ಟಿಸಿದ ಬಂಗಲೆಯೂ ಅದರ ಸುತ್ತಲ ಜಮೀನೂ ಮೈಸೂರು ಮನೆತನದ ಕೈಗೆ ಬಂದವು.

ರಾಜಕುಮಾರರಿಗಿಂತ ಮೊದಲೇ ಅವರ ತಂದೆಯ ಪುಸ್ತಕಗಳು ಕಲ್ಕತ್ತೆಗೆ ಬಂದಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದಾಗ ಅದರ ಶಾಸನಕ್ಕೆ 1800ರ ಮೇ 4ರ ದಿನಾಂಕವನ್ನೇ ಹಾಕಿಸಿದ್ದ. ಶ್ರೀರಂಗಪಟ್ಟಣ ಬಿದ್ದು ಅಂದಿಗೆ ಸರಿಯಾಗಿ ಒಂದು ವರ್ಷ. ಅರಮನೆಯ ಗ್ರಂಥಭಂಡಾರದ ಪರ್ಷಿಯನ್, ಅರಬ್ಬಿ, ದಖನಿ ಹಸ್ತಪ್ರತಿಗಳ ದೊಡ್ಡ ಭಾಗ ಆ ಕಾಲೇಜಿನ ಪುಸ್ತಕಾಲಯಕ್ಕೆ ಸೇರಿತು. ಅಲ್ಲಿ ಪರ್ಷಿಯನ್ ಕಲಿಸುತ್ತಿದ್ದ ಚಾರ್ಲ್ಸ್ ಸ್ಟೂವರ್ಟ್ ಅವುಗಳ ವಿವರವಾದ ಪಟ್ಟಿಯನ್ನು 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಕಾಲೇಜು ಕ್ಷೀಣಿಸಿದ ಮೇಲೆ ಹಸ್ತಪ್ರತಿಗಳಲ್ಲಿ ಅನೇಕವು ಏಷ್ಯಾಟಿಕ್ ಸೊಸೈಟಿಗೆ ಹೋದವು, ಈಗಲೂ ಪಾರ್ಕ್ ಸ್ಟ್ರೀಟಿನ ಅದರ ಸಂಗ್ರಹದಲ್ಲಿವೆ. ತಂದೆಯ ಗ್ರಂಥಭಂಡಾರ ಸರ್ಕಾರದ ಆಸ್ತಿಯಾಗಿ ಒಂದು ಕಡೆ, ಮಕ್ಕಳು ಸರ್ಕಾರದ ಕಾವಲಿನಲ್ಲಿ ಇನ್ನೊಂದು ಕಡೆ, ಎರಡೂ ಒಂದೇ ನಗರದಲ್ಲಿ.

ಮೊಹಲ್ಲಾಕ್ಕೆ ಸಂಸ್ಥೆಯ ರೂಪ ಬಂದದ್ದು ಗುಲಾಮ್ ಮೊಹಮ್ಮದ್ ಅವರಿಂದ. 1795ರಲ್ಲಿ ಹುಟ್ಟಿದ ಅವರು ವೇಲೂರಿನಿಂದ ಹೊರಟಾಗ ಹನ್ನೊಂದರ ಹುಡುಗ. ಮೈಸೂರು ಅವರಿಗೆ ನೆನಪಿಗಿಂತ ಹೆಚ್ಚಾಗಿ ಹಿರಿಯರ ಬಾಯಿಂದ ಕೇಳಿದ ಊರು. ಅಣ್ಣಂದಿರು ಒಬ್ಬೊಬ್ಬರಾಗಿ ತೀರಿಕೊಂಡು, 1855ರ ಹೊತ್ತಿಗೆ ಟಿಪ್ಪುವಿನ ಗಂಡುಮಕ್ಕಳಲ್ಲಿ ಬದುಕಿದ್ದವರು ಇವರೊಬ್ಬರೇ. ಬಾಕಿ ಉಳಿದಿದ್ದ ವರ್ಷಾಶನಕ್ಕಾಗಿ ಅವರು ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಸಿದರು. 1840ರಲ್ಲಿ ಲಂಡನ್ನಿನ ನಿರ್ದೇಶಕರ ಮಂಡಳಿ ಬಾಕಿಯನ್ನು ಕೊಡಲು ಒಪ್ಪಿತು. ಆ ಹಣ ಬಂದ ಮೇಲೆ ಅವರು ಮಾಡಿದ ಮೊದಲ ದೊಡ್ಡ ಕೆಲಸ ಮಸೀದಿ ಕಟ್ಟಿಸಿದ್ದು. ನಗರದ ನಡುಮಧ್ಯದ ಧರ್ಮತಲಾದಲ್ಲಿ, ಎಸ್‌ಪ್ಲನೇಡಿನ ಎದುರಿಗೆ, 1842ರಲ್ಲಿ ಟಿಪ್ಪು ಸುಲ್ತಾನ್ ಮಸೀದಿ ಎದ್ದಿತು. ಮರುವರ್ಷ ಟಾಲಿಗಂಜ್‌ನಲ್ಲಿ ಅದರದೇ ಜೋಡಿ.

ಧರ್ಮತಲಾ ಮಸೀದಿಯಲ್ಲಿ ಹಾಕಿಸಿದ ಶಿಲಾಫಲಕವನ್ನು ಗಮನವಿಟ್ಟು ನೋಡಬೇಕು. ಗವರ್ನರ್ ಜನರಲ್ ಆಕ್ಲೆಂಡ್ ಆಡಳಿತದ ಕಾಲದಲ್ಲಿ, ಟಿಪ್ಪು ಸುಲ್ತಾನರ ಮಗ ಗುಲಾಮ್ ಮೊಹಮ್ಮದ್, ದೇವರಿಗೆ ಕೃತಜ್ಞತೆಯಾಗಿಯೂ 1840ರಲ್ಲಿ ನಿರ್ದೇಶಕರ ಮಂಡಳಿ ವರ್ಷಾಶನದ ಬಾಕಿ ಮಂಜೂರು ಮಾಡಿದ್ದರ ನೆನಪಿಗಾಗಿಯೂ ಕಟ್ಟಿಸಿದ್ದು ಎಂಬುದು ಅದರ ಸಾರ. ಪಿಂಚಣಿಯ ಮಂಜೂರಾತಿ ಪೂಜಾಸ್ಥಳದ ಗೋಡೆಯ ಮೇಲೆ ಕೆತ್ತಿಸಿಕೊಂಡಿರುವ ಉದಾಹರಣೆ ಅಪರೂಪ. ಇದನ್ನು ದೈನ್ಯವೆಂದು ಓದುವವರಿದ್ದಾರೆ. ಆದರೆ ಕಂಪನಿಯ ಹೆಸರನ್ನು ಬರೆದ ಅದೇ ಕಲ್ಲಿನಲ್ಲಿ ಕಂಪನಿ ಕೊಂದ ತಂದೆಯ ಹೆಸರನ್ನೂ ಕೆತ್ತಿಸಿ, ಕಂಪನಿಯ ರಾಜಧಾನಿಯ ಅತ್ಯಂತ ಜನನಿಬಿಡ ಮೂಲೆಯಲ್ಲಿ ನಿಲ್ಲಿಸಿದ್ದಾರೆ ಎಂಬುದನ್ನು ಮರೆಯಬಾರದು. ಗವರ್ನರ್ ಜನರಲ್‌ನ ಅರಮನೆ ಅಲ್ಲಿಂದ ಕೆಲವೇ ನಿಮಿಷದ ದಾರಿ. ಟಿಪ್ಪುವಿನ ಹೆಸರನ್ನು ಕಲ್ಕತ್ತೆಯ ನಿತ್ಯದ ಮಾತಿಗೆ ತಂದುಕೊಟ್ಟ ಜಾಣತನ ಅದರಲ್ಲಿತ್ತು.

ಇವೆರಡೂ ಮಸೀದಿಗಳ ಕಟ್ಟಡ ಒಂದೇ ಬಗೆಯದು: ಎತ್ತರದ ಒಂದು ಮಹಾಗುಮ್ಮಟದ ಬದಲಿಗೆ ಸಾಲುಸಾಲಾಗಿ ಸಣ್ಣ ಗುಮ್ಮಟಗಳು, ಮೂಲೆಗಳಲ್ಲಿ ಮಿನಾರುಗಳು, ಒಳಗೆ ಕಮಾನುಗಳ ಹಜಾರ. ಕಲ್ಲು ಸಿಗದ ಬಂಗಾಳದಲ್ಲಿ ಇಟ್ಟಿಗೆ ಗಾರೆಯ ಕೆಲಸವೇ ಗತಿ, ಕೆಸರುನೆಲದಲ್ಲಿ ಭಾರವನ್ನು ಹಂಚಿ ಹೊರಿಸುವ ಈ ಕ್ರಮ ಸಹಜವೂ ಹೌದು. ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯ ಎರಡು ಎತ್ತರದ ಮಿನಾರುಗಳನ್ನು ಬಲ್ಲವರಿಗೆ ಇಲ್ಲಿ ಅದರ ಹೋಲಿಕೆ ಕಾಣುವುದಿಲ್ಲ; ಇದು ಬಂಗಾಳದ ಮಣ್ಣಿಗೆ, ಕಲ್ಕತ್ತೆಯ ಮೇಸ್ತ್ರಿಗಳ ಕೈಗೆ ಒಗ್ಗಿದ ಕಟ್ಟಡ. ಧರ್ಮತಲಾದ್ದು ನಗರದ ಮಸೀದಿಯಾಯಿತು. ಟಾಲಿಗಂಜ್‌ನದು ಮೊಹಲ್ಲಾದ ಮಸೀದಿಯಾಗಿ ಸುತ್ತಲಿನ ಹಳ್ಳಿಗಳ ಮುಸ್ಲಿಂ ರೈತರು, ಕಸುಬುದಾರರು, ಮೈಸೂರು ಮನೆತನದ ಆಳುಕಾಳುಗಳು ಎಲ್ಲರನ್ನೂ ಒಂದು ಜಮಾತಿಗೆ ತಂದಿತು.

ಗುಲಾಮ್ ಮೊಹಮ್ಮದ್ ತಂದೆಯ ಹೆಸರಿಗಾಗಿ ಲೇಖನಿಯನ್ನೂ ಹಿಡಿದರು. ಹೈದರ್ ಸೇನೆಯಲ್ಲಿದ್ದ ಫ್ರೆಂಚ್ ಅಧಿಕಾರಿಯೊಬ್ಬ ಬರೆದಿದ್ದ ಹೈದರ್ ಚರಿತ್ರೆಯನ್ನು ತಿದ್ದಿ, ಟಿಪ್ಪುವಿನ ಚರಿತ್ರೆಯನ್ನೂ ಕೂಡಿಸಿ, 1855ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಟಿಪ್ಪುವನ್ನು ಕ್ರೂರಿಯೆಂದು ಚಿತ್ರಿಸಿದ ಪುಸ್ತಕಗಳೇ ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಓದಿಗೆ ಸಿಗುತ್ತಿದ್ದವು; ಮಗನ ಹೆಸರು ಹೊತ್ತ ಪುಸ್ತಕ ಆ ಮಾತಿಗೆ ಕೊಟ್ಟ ಉತ್ತರ. ಬ್ರಿಟಿಷ್ ಸರ್ಕಾರ ಕೊನೆಗಾಲದಲ್ಲಿ ಅವರಿಗೆ ಕೆ.ಸಿ.ಎಸ್.ಐ. ಬಿರುದು ಕೊಟ್ಟಿತು. 1872ರ ಆಗಸ್ಟ್‌ನಲ್ಲಿ ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಆಗ ಮೈಸೂರು ರಾಜ್ಯದಲ್ಲಿ ಬ್ರಿಟಿಷ್ ಕಮಿಷನರರ ಆಳ್ವಿಕೆ ನಡೆಯುತ್ತಿತ್ತು.

ಅವರು ಬಿಟ್ಟುಹೋದ ಎಲ್ಲಕ್ಕಿಂತ ಗಟ್ಟಿಯಾದದ್ದು ವಕ್ಫ್. ಮಸೀದಿಗಳ ಖರ್ಚು, ಬಡವರಿಗೆ ದಾನ, ಫಾತೆಹಾ ಓದಿಸುವುದು, ಮೊಹರಂ ಆಚರಣೆ ಇವಕ್ಕೆಂದು ಜಮೀನು ಕಟ್ಟಡಗಳನ್ನು ದೇವರ ಹೆಸರಿಗೆ ಬರೆದಿಡಲಾಯಿತು. ಪ್ರಿನ್ಸ್ ಗುಲಾಮ್ ಮೊಹಮ್ಮದ್ ಹೆಸರಿನ ವಕ್ಫ್ ಎಸ್ಟೇಟು ಇಂದಿಗೂ ಇದೆ. ವಕ್ಫ್ ಮಾಡಿದ ಆಸ್ತಿಯನ್ನು ಮಾರುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಮುತವಲ್ಲಿಯಾದವರು ನೋಡಿಕೊಂಡು, ಗುತ್ತಿಗೆಗೆ ಕೊಟ್ಟು, ಬಂದ ಉತ್ಪನ್ನವನ್ನು ಹೇಳಿದ ಕೆಲಸಕ್ಕೆ ಬಳಸಬೇಕು. ಸರ್ಕಾರದ ವರ್ಷಾಶನ ಆಳಿಗೆ ಇಷ್ಟು ಎಂದು ಇದ್ದುದರಿಂದ ತಲೆಮಾರು ಇಳಿದಂತೆ ಅದು ಕರಗುತ್ತ ಹೋಗುವುದು ಗೊತ್ತಿದ್ದ ಸಂಗತಿ. ವ್ಯಕ್ತಿಗೆ ಸಿಗುವ ಹಣ ನಿಂತರೂ ಮಸೀದಿಯ ದೀಪ ಉರಿಯಲಿ ಎಂಬ ಮುಂದಾಲೋಚನೆ ಈ ಬರಹಗಳಲ್ಲಿ ಕಾಣುತ್ತದೆ. ಈ ಸೀಮೆಯ ಮುಂದಿನ ಚರಿತ್ರೆಯನ್ನು ರೂಪಿಸಿದ್ದು ರಾಜಕುಮಾರರಲ್ಲ, ಈ ಕಾಗದಪತ್ರಗಳು ಎಂದರೂ ತಪ್ಪಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಗರ ದಕ್ಷಿಣಕ್ಕೆ ಬೆಳೆಯತೊಡಗಿದಾಗ ಇದು ಸ್ಪಷ್ಟವಾಯಿತು. 1890ರಲ್ಲಿ ಬಜ್‌ಬಜ್ ರೈಲುದಾರಿ ಬಂದಿತು. 1895ರಲ್ಲಿ ಸರ್ ವಿಲಿಯಂ ಕ್ರೂಕ್‌ಶ್ಯಾಂಕ್ ಎಂಬ ಬ್ಯಾಂಕರ್ ಮೈಸೂರು ಮನೆತನದವರು ವಾಸವಾಗಿದ್ದ ಹಳೆಯ ಬಂಗಲೆಯಲ್ಲಿ ಟಾಲಿಗಂಜ್ ಕ್ಲಬ್ ಆರಂಭಿಸಿದರು. ಸುತ್ತಲ ಸುಮಾರು 100 ಎಕರೆ ಕುದುರೆ ಸವಾರಿಗೆ, ಆಟಕ್ಕೆ ಮೈದಾನವಾಯಿತು. 1829ರಲ್ಲಿ ಡಮ್‌ಡಮ್‌ನಲ್ಲಿ ಹುಟ್ಟಿದ್ದ, ಬ್ರಿಟನ್ನಿನ ಹೊರಗೆ ಅತ್ಯಂತ ಹಳೆಯದೆನಿಸಿಕೊಂಡ ಗಾಲ್ಫ್ ಕ್ಲಬ್ 1910ರಲ್ಲಿ ಟಾಲಿಗಂಜ್‌ಗೆ ಬಂದಿತು. ಸ್ಕಾಟ್ಲೆಂಡಿನ ಬಯಲುಗಾಡಿನಲ್ಲಿ ಬೆಳೆದ ಆಟ ಬಂಗಾಳದ ಜೌಗಿಗೆ ಬಂದು, ಕೊಳಗಳನ್ನು ಮುಚ್ಚದೆ ಅವುಗಳನ್ನೇ ಆಟದ ತೊಡಕುಗಳನ್ನಾಗಿ ಮಾಡಿಕೊಂಡಿತು. ಈ ಎರಡು ಕ್ಲಬ್ಬುಗಳ ವಿಸ್ತಾರದಲ್ಲಿ ಮೈಸೂರು ಮನೆತನದ ವಕ್ಫ್ ಜಮೀನು ಸೇರಿದೆ. ತುಂಡುತುಂಡಾಗಿ ಮಾರಾಟವಾಗದ ನೆಲವಾದ್ದರಿಂದ ಅದು ಒಟ್ಟಾಗಿ ಉಳಿಯಿತು. ದಕ್ಷಿಣ ಕೋಲ್ಕತ್ತಾದ ನಕ್ಷೆಯಲ್ಲಿ ಕಾಣುವ ಎರಡು ದೊಡ್ಡ ಹಸಿರು ತುಂಡುಗಳಿಗೆ ಇಂಗ್ಲಿಷರ ಆಟದ ಹುಚ್ಚು ಎಷ್ಟು ಕಾರಣವೋ ಶ್ರೀರಂಗಪಟ್ಟಣದಿಂದ ಬಂದವರ ದಾನಪತ್ರಗಳೂ ಅಷ್ಟೇ ಕಾರಣ.

ಇದೇ ಕಾಲದಲ್ಲಿ ಮೈಸೂರಿನ ಇನ್ನೊಂದು ರಾಜಮನೆತನವೂ ಆದಿಗಂಗೆಯ ದಂಡೆಗೆ ಬಂದಿತು. 1881ರಲ್ಲಿ ಬ್ರಿಟಿಷರಿಂದ ಮರಳಿ ಅಧಿಕಾರ ಪಡೆದ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದಿದ್ದರು. ಅಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ ತಗುಲಿ, ಡಿಸೆಂಬರ್ 28ರಂದು ತೀರಿಕೊಂಡರು. ಅವರಿಗಿನ್ನೂ 31 ವರ್ಷ. ಕಾಳೀಘಾಟದ ದಕ್ಷಿಣಕ್ಕೆ, ಕೇವಡಾತಲಾ ಸ್ಮಶಾನದ ಬಳಿ, ಆದಿಗಂಗೆಯ ತೀರದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಆ ಜಾಗದಲ್ಲಿ ನೆನಪಿಗಾಗಿ ದ್ರಾವಿಡ ಶೈಲಿಯ ಗೋಪುರವುಳ್ಳ ಗುಡಿಯೊಂದನ್ನು ಕಟ್ಟಿಸಲಾಯಿತು. ಬಂಗಾಳದ ಇಳಿಮಾಡಿನ ದೇವಾಲಯಗಳ ನಡುವೆ ಅದು ನೋಡಿದ ಕೂಡಲೇ ದಕ್ಷಿಣದ್ದೆಂದು ತಿಳಿಯುತ್ತದೆ. ಮೈಸೂರಿನಲ್ಲಿ ಹತ್ತು ವರ್ಷದ ನಾಲ್ವಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದು, ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ರಾಜಪ್ರತಿನಿಧಿಯಾದದ್ದು ಈ ಸಾವಿನ ನಂತರ. ಅಲ್ಲಿಗೆ ಸಮೀಪದಲ್ಲೇ, ಸತೀಶ್ ಮುಖರ್ಜಿ ರಸ್ತೆಯಲ್ಲಿ, ಟಿಪ್ಪು ವಂಶದವರ ಖಬರಸ್ತಾನವಿದೆ. ಮೈಸೂರಿನಲ್ಲಿ ಒಬ್ಬರ ಸಿಂಹಾಸನ ಇನ್ನೊಬ್ಬರಿಗೆ ಹೋಗಿ ಬಂದ ಎರಡು ಮನೆತನಗಳಿಗೆ ಬಹುದೂರದ ಒಂದೇ ನಾಲೆಯ ದಂಡೆ ಒದಗಿದ್ದು ಚರಿತ್ರೆಯ ವಿಚಿತ್ರ. ಕೋಲ್ಕತ್ತಾಕ್ಕೆ ಬರುವ ಕನ್ನಡಿಗರು ಕಾಳೀಘಾಟಕ್ಕೆ ತಪ್ಪದೆ ಹೋಗುತ್ತಾರೆ. ನಡೆದೇ ತಲುಪಬಹುದಾದ ಈ ಎರಡು ಜಾಗಗಳನ್ನು ಕಂಡು ಬರುವವರು ವಿರಳ.

ಲೇಕ್ ಗಾರ್ಡನ್ಸ್ ಎಂಬ ಹೆಸರಿಗೆ ಕಾರಣವಾದ ಕೆರೆ ಇಪ್ಪತ್ತನೆಯ ಶತಮಾನದ್ದು. 1911ರ ಕಾಯಿದೆಯಿಂದ ಹುಟ್ಟಿದ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ 1920ರ ದಶಕದ ಆರಂಭದಲ್ಲಿ ಢಾಕುರಿಯಾ ಬಳಿಯ ಸುಮಾರು 192 ಎಕರೆ ಜೌಗುಕಾಡನ್ನು ವಶಪಡಿಸಿಕೊಂಡಿತು. ಹಳ್ಳಿಯವರು ಮನೆಗೊಂದು ಕೊಳ ತೋಡುತ್ತಿದ್ದ ಉಪಾಯವನ್ನೇ ಟ್ರಸ್ಟು ಊರಿಗೆಲ್ಲ ಸಾಕಾಗುವಷ್ಟು ದೊಡ್ಡದಾಗಿ ಮಾಡಿತು: ನಡುವೆ ಕೆರೆ ತೋಡಿ, ಬಂದ ಮಣ್ಣಿನಿಂದ ಸುತ್ತಲ ತಗ್ಗನ್ನು ಎತ್ತರಿಸಿ ನಿವೇಶನ ಮಾಡುವುದು. ಸುಮಾರು 73 ಎಕರೆ ನೀರಾಯಿತು, ಉಳಿದದ್ದು ಉದ್ಯಾನ. ತೋಡುವಾಗ ಅಲ್ಲಿ ಮೊದಲೇ ಒಂದು ಮಸೀದಿಯಿತ್ತು. ಅದನ್ನು ಕೆಡವದೆ, ಅದು ನಿಂತ ನೆಲವನ್ನು ಹಾಗೆಯೇ ಬಿಟ್ಟು ಸುತ್ತ ತೋಡಲಾಯಿತು. ಮಸೀದಿ ನಡುಗಡ್ಡೆಯಲ್ಲಿ ಉಳಿಯಿತು. 1926ರಲ್ಲಿ ದಕ್ಷಿಣ ದಂಡೆಯಿಂದ ಅಲ್ಲಿಗೆ ತೂಗುಸೇತುವೆ ಹಾಕಿದರು. ಕೆರೆಗಿಂತ ಹಳೆಯದಾದ ಆ ಸಣ್ಣ ಮಸೀದಿ, ಈ ಜೌಗಿನಲ್ಲಿ ಜನ ಮನೆಮಾಡಿಕೊಂಡು ನಮಾಜು ಮಾಡುತ್ತಿದ್ದ ಹಳ್ಳಿಗಳಿದ್ದವು ಎಂಬುದಕ್ಕೆ ಕಣ್ಣೆದುರಿನ ಪುರಾವೆ. ಟ್ರಸ್ಟಿನ ಕಾಗದಗಳಲ್ಲಿ ಕಾಡು ಎಂದು ಬರೆದ ನೆಲ ನಿರ್ಜನವಾಗಿರಲಿಲ್ಲ.

ದಂಡೆಯಲ್ಲಿ ದೋಣಿ ಓಡಿಸುವ ಕ್ಲಬ್ಬುಗಳು ಬಂದವು. 1935ರಲ್ಲಿ ಜಪಾನಿನ ಭಿಕ್ಷು ನಿಚಿದಾತ್ಸು ಫುಜಿಯವರ ಸಂಘದಿಂದ ಬೌದ್ಧಮಂದಿರ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಕೆರೆಯ ಸುತ್ತ ಸೈನಿಕ ಆಸ್ಪತ್ರೆಗಳು ಎದ್ದವು. ಟಾಲಿಗಂಜ್ ಕಡೆ 1931ರಲ್ಲಿ ಬಿ.ಎನ್. ಸರ್ಕಾರ್ ಅವರ ನ್ಯೂ ಥಿಯೇಟರ್ಸ್ ಆರಂಭವಾಗಿ, ಹಿಂದೆಯೇ ಬೇರೆ ಸ್ಟುಡಿಯೋಗಳು ಬಂದು ಈ ಹಳ್ಳಿಗಾಡು ಬಂಗಾಳಿ ಚಿತ್ರರಂಗದ ಮನೆಯಾಯಿತು. ಢಾಕುರಿಯಾ ಕೆರೆಗೆ ರವೀಂದ್ರ ಸರೋವರ ಎಂದು ಹೆಸರಿಟ್ಟದ್ದು 1958ರಲ್ಲಿ.

ಊರಿನ ಚಹರೆಯನ್ನೇ ಬದಲಿಸಿದ್ದು ದೇಶವಿಭಜನೆ. 1946ರಿಂದ 1950ರವರೆಗಿನ ಗಲಭೆಗಳಲ್ಲಿ ಮುಸ್ಲಿಂ ಕುಟುಂಬಗಳು ಅನೇಕ ಮೊಹಲ್ಲಾಗಳನ್ನು ಬಿಟ್ಟು ಹೋದವು, ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದರು. ಟಾಲಿಗಂಜ್ ಮತ್ತು ಜಾದವಪುರದ ಖಾಲಿ ಗದ್ದೆ, ತೋಟ, ಬಿಟ್ಟುಹೋದ ಸೈನಿಕ ಶಿಬಿರಗಳಲ್ಲಿ ಅವರು ರಾತ್ರೋರಾತ್ರಿ ಬಿದಿರಿನ ಗುಡಿಸಲು ಹಾಕಿ ಕಾಲೊನಿ ಮಾಡಿಕೊಂಡರು. ಬಿಜಯಗಢ, ಆಜಾದಗಢ, ನೇತಾಜಿ ನಗರ ಹೀಗೆ ಬೆಳೆದವು. 1951ಕ್ಕೆ ಮುಂಚೆ ಎದ್ದ ಇಂಥ 149 ಕಾಲೊನಿಗಳನ್ನು ಪಶ್ಚಿಮ ಬಂಗಾಳ ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿತು. ಮನೆ ಕಳೆದುಕೊಂಡು ಬಂದು ಇದೇ ಜೌಗಿನಲ್ಲಿ ನೆಲೆ ಹುಡುಕಿದವರಲ್ಲಿ ಇವರು ಎರಡನೆಯವರು. ಮೈಸೂರಿನವರಿಗೆ ಸರ್ಕಾರದ ವರ್ಷಾಶನವಿತ್ತು. ಇವರಿಗೆ ಅದೂ ಇರಲಿಲ್ಲ. 1953ರಲ್ಲಿ ಟಾಲಿಗಂಜ್ ಪುರಸಭೆ ಕಲ್ಕತ್ತಾ ಕಾರ್ಪೊರೇಷನ್ನಿಗೆ ಸೇರಿತು. ಅದರ ಆಸುಪಾಸಿನ ದಶಕಗಳಲ್ಲಿ ರೈಲುಹಳಿಯ ದಕ್ಷಿಣದ ತಗ್ಗುಗಳನ್ನು ತುಂಬಿ, ಬೀದಿ ಎಳೆದು, ಮಧ್ಯಮ ವರ್ಗದವರು ಮನೆ ಕಟ್ಟಿಕೊಂಡರು. ಕೆರೆಯ ನೆರೆಯಾದ್ದರಿಂದ ಲೇಕ್ ಗಾರ್ಡನ್ಸ್ ಎಂಬ ಹೆಸರು ನಿಂತಿತು, ರೈಲು ನಿಲ್ದಾಣಕ್ಕೂ ಅದೇ ಹೆಸರು. ಬ್ಯಾಂಕು, ವಿಮೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ ವರ್ಗವಾಗಿ ಬಂದ ದಕ್ಷಿಣ ಭಾರತದವರೂ ಈ ಭಾಗದಲ್ಲಿ ಮನೆ ಹಿಡಿದರು. ಕರಿಬೇವು, ಬಾಳೆಎಲೆ, ಕಾಫಿಪುಡಿಗೆ ಲೇಕ್ ಮಾರ್ಕೆಟ್ ಹತ್ತಿರವಿದ್ದದ್ದು ಅದಕ್ಕೆ ಒಂದು ಕಾರಣ.

ಮೈಸೂರು ಮನೆತನದವರಿಗೆ ಈ ದಶಕಗಳು ಕಷ್ಟದವು. ತಲೆಮಾರು ತಲೆಮಾರಿಗೆ ವರ್ಷಾಶನ ಇಳಿದು ಬಹುಪಾಲು ಶಾಖೆಗಳಿಗೆ ಏನೂ ಉಳಿಯಲಿಲ್ಲ. ಟಿಪ್ಪುವಿನ ವಂಶದವರು ಕೋಲ್ಕತ್ತಾದಲ್ಲಿ ರಿಕ್ಷಾ ಎಳೆದು, ಹೊಲಿಗೆ ಕೆಲಸ ಮಾಡಿ ಬದುಕುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಒಂದು ಕಾಲದಲ್ಲಿ ತಮ್ಮ ಹಿರಿಯರು ದಾನ ಕೊಟ್ಟ ಜಮೀನಿನ ಬೆಲೆ ಎಣಿಕೆಗೆ ಸಿಗದಷ್ಟು ಏರಿದ್ದರೂ, ಹಳೆಯ ಕಾಲದ ದೀರ್ಘ ಗುತ್ತಿಗೆಗಳಿಂದ ವಕ್ಫಿಗೆ ಬರುವ ಬಾಡಿಗೆ ಅದಕ್ಕೆ ತಕ್ಕಂತಿಲ್ಲ ಎಂಬುದು ದೇಶದ ವಕ್ಫ್ ಆಸ್ತಿಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು. ಈ ಎಸ್ಟೇಟು ಅದಕ್ಕೆ ಹೊರತಲ್ಲ. ದಾನದ ಆಸ್ತಿಯಾದ್ದರಿಂದ ಅದು ವಾರಸುದಾರರ ಕೈಗೆ ಬರುವಂತಿಲ್ಲ ಎಂಬುದು ನ್ಯಾಯವೇ. ಆದರೆ ಬಡವರಿಗಾಗಿ ಎತ್ತಿಟ್ಟ ಹಣದಲ್ಲಿ ದಾನಿಯ ಬಡ ಮೊಮ್ಮಕ್ಕಳಿಗೂ ಪಾಲು ಸಿಗುವಂತೆ ನಡೆಸುವುದು ಕಾನೂನಿಗೆ ಹೊರತಾದ ಮಾತೇನಲ್ಲ.

ಮೆಟ್ರೋ ರೈಲು ಈ ಚರಿತ್ರೆಯ ಗುರುತುಗಳನ್ನು ಎರಡು ಕಡೆ ಮುಟ್ಟಿತು. 1980ರ ದಶಕದಲ್ಲಿ ಎಸ್‌ಪ್ಲನೇಡಿನಲ್ಲಿ ನೆಲ ಅಗೆಯುವಾಗ ಧರ್ಮತಲಾ ಮಸೀದಿಗೆ ಹಾನಿಯಾಯಿತು, ಅದರ ರಕ್ಷಣೆಗೆಂದು ಸಮಿತಿ ಹುಟ್ಟಿ, ದುರಸ್ತಿ ನಡೆಯಿತು. 2009ರಲ್ಲಿ ಟಾಲಿಗಂಜ್‌ನಿಂದ ದಕ್ಷಿಣಕ್ಕೆ ಮೆಟ್ರೋ ಮುಂದುವರಿದಾಗ ಅದರ ಕಂಬಗಳನ್ನು ಆದಿಗಂಗೆಯ ಪಾತ್ರದೊಳಗೇ ನೆಡಲಾಯಿತು. ವಿರೋಧಿಸಿದವರು ನ್ಯಾಯಾಲಯಕ್ಕೆ ಹೋದರೂ ಕೆಲಸ ನಿಲ್ಲಲಿಲ್ಲ. ಟಾಲಿಯ ದೋಣಿಗಳು ಹರಿದ ನೀರು ಅಲ್ಲಿ ಈಗ ಕಪ್ಪು ಚರಂಡಿ. ಅನ್ವರ್ ಶಾ ರಸ್ತೆಯಲ್ಲಿ ಉಷಾ ಹೊಲಿಗೆಯಂತ್ರ, ಫ್ಯಾನು ತಯಾರಾಗುತ್ತಿದ್ದ ಕಾರ್ಖಾನೆಯ ಜಾಗದಲ್ಲಿ 2008ರಲ್ಲಿ ಸೌತ್ ಸಿಟಿ ಮಾಲ್ ತೆರೆಯಿತು. ಮಾಲಿನ ವಿಳಾಸ ಹೇಳುವಾಗಲೆಲ್ಲ ಜನ ಮೈಸೂರಿನ ರಾಜಕುಮಾರನ ಹೆಸರು ಹೇಳುತ್ತಾರೆ.

ಟಾಲಿಗಂಜ್ ಮಸೀದಿಯಲ್ಲಿ ಐದು ಹೊತ್ತಿನ ನಮಾಜು ತಪ್ಪದೆ ನಡೆಯುತ್ತದೆ. ಶುಕ್ರವಾರ ಜಮಾತು ಹೊರಗಿನ ಕಾಲುದಾರಿಯವರೆಗೆ ಬರುವುದುಂಟು. ಆಡಳಿತ ಪಶ್ಚಿಮ ಬಂಗಾಳ ವಕ್ಫ್ ಮಂಡಳಿಯ ಮೇಲ್ವಿಚಾರಣೆಯಲ್ಲಿ ಎಸ್ಟೇಟಿನ ಮುತವಲ್ಲಿಗಳದು. ಮನೆತನದ ಫಾತೆಹಾ ಖರ್ಚಿಗೆಂದು ಮೈಸೂರು ಕುಟುಂಬದ ಹೆಸರಿನಲ್ಲೇ ಇರುವ ಇನ್ನೊಂದು ವಕ್ಫ್ ನಿಧಿಗೆ ಖಬರಸ್ತಾನ ಮತ್ತು ಮೊಹರಂ ಆಚರಿಸುವ ಇಮಾಂಬಾಡಾದ ಹೊಣೆ. ಕೇವಡಾತಲಾದ ಗುಡಿ, ಸತೀಶ್ ಮುಖರ್ಜಿ ರಸ್ತೆಯ ಗೋರಿಗಳು, ಎರಡು ಮಸೀದಿಗಳು, ಏಷ್ಯಾಟಿಕ್ ಸೊಸೈಟಿಯ ಹಸ್ತಪ್ರತಿಗಳು: ಮೈಸೂರಿಗೆ ಸಂಬಂಧಿಸಿದ ಇಷ್ಟೂ ಕೋಲ್ಕತ್ತಾದ ಒಂದು ದಿನದ ಓಡಾಟದೊಳಗೆ ಸಿಗುತ್ತವೆ. ಇವುಗಳ ಫಲಕಗಳನ್ನೂ ಗೋರಿಗಳ ಮೇಲಿನ ಬರಹಗಳನ್ನೂ ಒಟ್ಟಿಗೆ ಓದಿ, ಕನ್ನಡದಲ್ಲಿ ಪಟ್ಟಿ ಮಾಡಿಡುವುದು ಕರ್ನಾಟಕದ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ. ಬಂಗಾಳದ ಮಳೆ ತೇವಕ್ಕೆ ಗಾರೆ ಉದುರುತ್ತ ಅಕ್ಷರಗಳು ಮಾಸುತ್ತಿರುವುದರಿಂದ ಅದು ಬೇಗ ಆಗಬೇಕು.